ಬಾರ್‌ಬೆಲ್‌ಗೆ ತೂಕ ಹಾಕುವ ಮುಂಚೆ ನಿಮ್ಮ ರೆಪ್ ಯಾವುದು ಅಂತ ತೀರ್ಮಾನಿಸಿ

ಒಂದು ಕಾಲದಲ್ಲಿ ನನ್ನ ನೋಟ್‌ಬುಕ್ ನೋಡಿದ್ದರೆ ನೀವು ಮೆಚ್ಚಿಕೊಳ್ಳುತ್ತಿದ್ದಿರಿ. ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು) ಸಾಲಿನಲ್ಲಿ 60, 62.5, 65, 67.5 ಅಂತ ಮೆಟ್ಟಿಲು ಹತ್ತಿದ ಹಾಗೆ ಅಂಕಿಗಳು. 90 ಕಿಲೋ ಮುಟ್ಟಿದ ದಿನ ಖುಷಿಯಲ್ಲಿ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ವಿಡಿಯೋ ಮಾಡಿದೆ. ಮನೆಗೆ ಬಂದು ನೋಡಿದರೆ ನಾಚಿಕೆ ಆಯಿತು. ನಾನು ಕೂತೇ ಇರಲಿಲ್ಲ. ಮಂಡಿ ಸ್ವಲ್ಪ ಮಡಚಿ, ದೊಡ್ಡವರು ಎದುರಿಗೆ ಬಂದಾಗ ಬಾಗುವ ಹಾಗೆ ಬಾಗಿ ಎದ್ದಿದ್ದೆ, ಅಷ್ಟೇ. ತೂಕ ಏರಿದ ಹಾಗೆಲ್ಲಾ ಒಂದೊಂದು ಬೆರಳಿನಷ್ಟು ಕಡಿಮೆ ಇಳಿಯುತ್ತಾ ಬಂದಿದ್ದೆ, ಅದೂ ನನಗೇ ಗೊತ್ತಾಗದ ಹಾಗೆ. ಮರುದಿನ ಪೂರ್ತಿ ಇಳಿದು ಮಾಡಿ ನೋಡಿದೆ. 65 ಕಿಲೋಗೇ ಏದುಸಿರು.

ಅವತ್ತಿನಿಂದ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಮೊದಲ ರೆಪ್ (ಒಂದು ಸಲ ಇಳಿದು ಎದ್ದರೆ ಒಂದು ರೆಪ್) ಹೇಗಿತ್ತೋ ಕೊನೆಯದೂ ಹಾಗೇ ಇರಬೇಕು, ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಫಾರ್ಮ್, ಅಂದರೆ ಎತ್ತುವ ರೀತಿ, ಸುಧಾರಿಸುವುದು ಒಂದು ಕೆಲಸ, ತೂಕ ಏರಿಸುವುದು ಇನ್ನೊಂದು ಕೆಲಸ ಅನ್ನುವ ಹಾಗೆ ತುಂಬಾ ಜನ ಮಾತಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಳತೆಗೋಲೇ ವಾರ ವಾರ ಗಿಡ್ಡ ಆಗುತ್ತಿದ್ದರೆ ಬಟ್ಟೆ ಉದ್ದ ಬಂತು ಅಂತ ಹಿಗ್ಗಿ ಏನು ಪ್ರಯೋಜನ, ಹೇಳಿ.

ಈಗಷ್ಟೇ ಶುರು ಮಾಡಿದವರಿಗೆ, ಇಲ್ಲಾ ಒಂದೆರಡು ವರ್ಷದಿಂದ ಮಾಡುತ್ತಾ ಎಲ್ಲೋ ಸಿಕ್ಕಿಹಾಕಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಹಳೆಯ ಬೆನ್ನುನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಬಾರ್ ಮುಟ್ಟಿ.

ಮೊದಲ ಹೆಜ್ಜೆ: ಅಳತೆ ಗೊತ್ತು ಮಾಡಿಕೊಳ್ಳಿ

ಪ್ರತಿ ಲಿಫ್ಟ್‌ಗೂ (ಭಾರ ಎತ್ತುವ ಒಂದೊಂದು ವ್ಯಾಯಾಮಕ್ಕೂ) ಯಾವುದು ಪೂರ್ತಿ ರೆಪ್, ಯಾವುದು ಅಲ್ಲ ಅಂತ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ. ನನ್ನದು ಹೀಗಿದೆ. ಸ್ಕ್ವಾಟ್‌ನಲ್ಲಿ ತೊಡೆ ಮತ್ತು ಹೊಟ್ಟೆ ಸೇರುವ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಹೋಗಬೇಕು (ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲೂ ಇದೇ ಅಳತೆ). ಬೆಂಚ್ ಪ್ರೆಸ್‌ನಲ್ಲಿ (ಬೆಂಚ್ ಮೇಲೆ ಮಲಗಿ ಬಾರನ್ನು ಮೇಲಕ್ಕೆ ನೂಕುವುದು) ಬಾರ್ ಎದೆ ಮುಟ್ಟಬೇಕು, ಪುಟಿಯಬಾರದು, ಕುಂಡಿ ಬೆಂಚ್ ಬಿಟ್ಟು ಏಳಬಾರದು. ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು) ಪ್ರತಿ ರೆಪ್ ನೆಲದಲ್ಲಿ ನಿಂತ ಬಾರ್‌ನಿಂದಲೇ ಶುರು ಆಗಬೇಕು. ಓವರ್‌ಹೆಡ್ ಪ್ರೆಸ್‌ನಲ್ಲಿ (ನಿಂತು ಬಾರನ್ನು ತಲೆ ಮೇಲಕ್ಕೆ ನೂಕುವುದು) ಮಂಡಿ ಮಡಚುವಂತಿಲ್ಲ.

ಪ್ರೆಸ್ ವಿಷಯದಲ್ಲಿ ಒಂದು ಹಳೇ ಕತೆ ನೆನಪಾಗುತ್ತದೆ. ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಿ ಮೊದಲು ಈ ಪ್ರೆಸ್ ಕೂಡ ಇತ್ತು. ಬರಬರುತ್ತಾ ಲಿಫ್ಟರ್‌ಗಳು ಎಷ್ಟು ಹಿಂದಕ್ಕೆ ಬಾಗತೊಡಗಿದರು ಅಂದರೆ, ನಿಂತು ಎತ್ತುತ್ತಿದ್ದಾರೋ ಮಲಗಿ ಎತ್ತುತ್ತಿದ್ದಾರೋ ಅಂತ ತೀರ್ಪುಗಾರರಿಗೇ ಹೇಳಲು ಕಷ್ಟವಾಯಿತು. 1972ರ ಒಲಿಂಪಿಕ್ಸ್ ಮುಗಿದ ಮೇಲೆ ಅದನ್ನು ಕೈಬಿಟ್ಟರು. ಜಗತ್ತಿನ ದೊಡ್ಡ ದೊಡ್ಡ ಲಿಫ್ಟರ್‌ಗಳಿಗೇ ಅಳತೆ ಜಾರಿದ ಮೇಲೆ ನಮ್ಮ ಪಾಡೇನು!

ಎರಡನೆಯದು: ಫೋನ್‌ಗೆ ಕೆಲಸ ಕೊಡಿ

ಕನ್ನಡಿ ನಂಬಬೇಡಿ. ಎದುರಿಗಿನ ಕನ್ನಡಿಯಲ್ಲಿ ನೀವು ಎಷ್ಟು ಇಳಿದಿದ್ದೀರಿ ಅಂತ ಕಾಣುವುದಿಲ್ಲ. ಪಕ್ಕದ ಕನ್ನಡಿ ನೋಡಲು ಕತ್ತು ತಿರುಗಿಸಿದರೆ ಬೆನ್ನೂ ತಿರುಗುತ್ತದೆ. ಫೋನನ್ನು ಸೊಂಟದ ಎತ್ತರದಲ್ಲಿ, ನೇರ ಪಕ್ಕದಿಂದ ಇಡಿ. ನೆಲದ ಮೇಲಿಟ್ಟರೆ ಎಷ್ಟು ಇಳಿದಿರಿ ಅನ್ನುವುದು ಸರಿಯಾಗಿ ತಿಳಿಯುವುದಿಲ್ಲ. ಮಂಡಿ ಒಳಗೆ ಬೀಳುತ್ತಿದೆಯಾ ಅಂತ ನೋಡುವುದಿದ್ದರೆ ಮುಂದಿನಿಂದ ಸ್ವಲ್ಪ ಓರೆಯಾಗಿ ಇಡಿ.

ಎಲ್ಲಾ ಸೆಟ್‌ಗಳನ್ನೂ (ಬಿಡುವಿಲ್ಲದೆ ಸಾಲಾಗಿ ಮಾಡುವ ಕೆಲವು ರೆಪ್ ಸೇರಿ ಒಂದು ಸೆಟ್) ವಿಡಿಯೋ ಮಾಡಬೇಡಿ, ಯಾರಿಗೂ ಅಷ್ಟೊಂದು ನೋಡುವ ತಾಳ್ಮೆ ಇರುವುದಿಲ್ಲ. ಕೊನೆಯ ಭಾರದ ಸೆಟ್ ಒಂದು ಸಾಕು. ಅದರಲ್ಲಿ ಎರಡು ವಿಷಯ ನೋಡಿ. ಬಾರ್‌ನ ತುದಿ ಪಾದದ ನಡುಭಾಗದ ಮೇಲೆಯೇ ಮೇಲೆ ಕೆಳಗೆ ಓಡಾಡುತ್ತಿದೆಯಾ? ಮೊದಲ ರೆಪ್ ಮತ್ತು ಕೊನೆಯ ರೆಪ್ ಒಂದೇ ಆಕಾರದಲ್ಲಿವೆಯಾ?

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಬರುತ್ತದೆ. ಭಾರದ ಸೆಟ್‌ನ ಐದನೇ ರೆಪ್ ಚಂದ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ನಿಧಾನ ಆಗುತ್ತದೆ, ಮುಖ ಸೊಟ್ಟ ಆಗುತ್ತದೆ, ಬಾರ್ ನಡುವೆ ಎಲ್ಲೋ ಅರೆಕ್ಷಣ ನಿಂತ ಹಾಗಾಗುತ್ತದೆ. ಅದೆಲ್ಲಾ ಸರಿ. ನಿಧಾನ ಆಗುವುದು ಬೇರೆ, ಆಕಾರ ಕೆಡುವುದು ಬೇರೆ. ಬೆನ್ನು ಗುಂಡಗಾಯಿತು, ಹಿಮ್ಮಡಿ ಎದ್ದಿತು, ಅರ್ಧಕ್ಕೇ ವಾಪಸ್ ಬಂದಿರಿ ಅಂದರೆ ಅದು ಕೆಟ್ಟ ರೆಪ್. ಪ್ರತಿ ರೆಪ್ ಪುಸ್ತಕದಲ್ಲಿನ ಚಿತ್ರದ ಹಾಗೇ ಇರಬೇಕು ಅಂತ ಕೂತರೆ ಬರೀ ಬಾರ್ ಎತ್ತಿಕೊಂಡೇ ವರ್ಷ ಕಳೆಯುತ್ತೀರಿ, ಅಂಥವರನ್ನೂ ನೋಡಿದ್ದೇನೆ.

ಉಸಿರು ಹಿಡಿಯುವುದು ಮೊದಲು, ಎತ್ತುವುದು ಆಮೇಲೆ

ಮೇಲಿನ ನಾಲ್ಕು ಮತ್ತು ರೋ (ಬಾಗಿ ನಿಂತು ಬಾರನ್ನು ಹೊಟ್ಟೆ ಕಡೆಗೆ ಎಳೆಯುವುದು), ಈ ಐದೂ ಲಿಫ್ಟ್‌ಗಳಿಗೆ ಒಂದೇ ಒಂದು ವಿಷಯ ಹೇಳಿಕೊಡು ಅಂದರೆ ನಾನು ಇದನ್ನೇ ಹೇಳಿಕೊಡುವುದು. ರೆಪ್ ಶುರುವಿಗೆ ಮುಂಚೆ ಉಸಿರು ಎಳೆದುಕೊಳ್ಳಿ, ಎದೆಗಲ್ಲ, ಹೊಟ್ಟೆಗೆ. ಮುಂದೆ ಮಾತ್ರ ಅಲ್ಲ, ಪಕ್ಕೆಗೂ ಬೆನ್ನಿನ ಕೆಳಭಾಗಕ್ಕೂ ಗಾಳಿ ತುಂಬಿದ ಹಾಗೆ ಅನ್ನಿಸಬೇಕು. ಆಮೇಲೆ ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಅನ್ನುವ ಹಾಗೆ ಸುತ್ತಲೂ ಬಿಗಿ ಮಾಡಿ. ಹಾಗೇ ಹಿಡಿದು ಇಳಿಯಿರಿ, ಏಳಿರಿ, ಮೇಲೆ ಬಂದ ಮೇಲೆ ಬಿಡಿ. ಮತ್ತೆ ಹೊಸ ಉಸಿರು.

ಗಾಳಿ ತುಂಬಿದ ಟೈರ್ ಭಾರ ಹೊರುತ್ತದೆ, ಖಾಲಿ ಟೈರ್ ಮಡಚಿಕೊಳ್ಳುತ್ತದೆ. ಸೊಂಟದ ಕತೆಯೂ ಅದೇ. ಬೆಲ್ಟ್ ಕಟ್ಟುವುದೂ ಇದಕ್ಕೇ. ಬೆಲ್ಟ್ ತಾನಾಗಿ ಬೆನ್ನನ್ನು ಹಿಡಿದುಕೊಳ್ಳುವುದಿಲ್ಲ, ಹೊಟ್ಟೆ ಒತ್ತಲು ಒಂದು ಗೋಡೆ ಕೊಡುತ್ತದೆ. ಒತ್ತಲು ಬಾರದವನಿಗೆ ಬೆಲ್ಟ್ ಬರೀ ಅಲಂಕಾರ. ಮೊದಲ ಕೆಲವು ತಿಂಗಳು ಬೆಲ್ಟ್ ಬೇಡವೇ ಬೇಡ. ಉಸಿರು ಹಿಡಿದಾಗ ಸ್ವಲ್ಪ ಹೊತ್ತು ರಕ್ತದೊತ್ತಡ ಜೋರಾಗಿ ಏರುತ್ತದೆ. ಬಿ.ಪಿ. ಇರುವವರು ಡಾಕ್ಟರನ್ನು ಕೇಳಿ ಅಂತ ಮೇಲೆ ಹೇಳಿದ್ದು ಅದಕ್ಕೇ.

ಸ್ಕ್ವಾಟ್

ರ‍್ಯಾಕ್‌ನಲ್ಲಿ (ಬಾರ್ ಇಡುವ ಸ್ಟ್ಯಾಂಡ್‌ನಲ್ಲಿ) ಬಾರ್ ಎದೆಯ ನಡುಮಟ್ಟದಲ್ಲಿರಲಿ. ತುದಿಗಾಲಲ್ಲಿ ನಿಂತು ಬಾರ್ ತೆಗೆಯುವ ಹಾಗಿದ್ದರೆ ಅದು ಜಾಸ್ತಿ ಎತ್ತರ. ಬಾರನ್ನು ಕತ್ತಿನ ಬುಡದ ಮಾಂಸದ ಮೇಲಾದರೂ ಇಡಿ, ಇಲ್ಲಾ ಸ್ವಲ್ಪ ಕೆಳಗೆ ಹೆಗಲ ಹಿಂಭಾಗದ ಮೇಲಾದರೂ ಇಡಿ. ಎರಡೂ ಸರಿ. ಆದರೆ ಇವತ್ತು ಅದು, ನಾಳೆ ಇದು ಮಾಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಕತ್ತಿನ ಮೂಳೆ ಮೇಲೆ ಮಾತ್ರ ಯಾವತ್ತೂ ಇಡಬೇಡಿ.

ಎರಡು ಮೂರು ಹೆಜ್ಜೆ ಹಿಂದೆ ಬನ್ನಿ, ಅಷ್ಟೇ ಸಾಕು. ಹಿಮ್ಮಡಿಗಳು ಹೆಚ್ಚು ಕಮ್ಮಿ ಹೆಗಲಿನಷ್ಟು ಅಗಲ, ಬೆರಳುಗಳು ಸ್ವಲ್ಪ ಹೊರಗೆ. ಸೊಂಟ ಮತ್ತು ಮಂಡಿ ಒಟ್ಟಿಗೇ ಮಡಚಲಿ, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಹೋಗಲಿ. ಮಂಡಿ ಬೆರಳನ್ನು ದಾಟಲೇಬಾರದು ಅನ್ನುವ ಮಾತು ನೀವೂ ಕೇಳಿರುತ್ತೀರಿ. ಪೂರ್ತಿ ಕೂತರೆ ಹೆಚ್ಚಿನವರ ಮಂಡಿ ಸ್ವಲ್ಪ ದಾಟಿಯೇ ದಾಟುತ್ತದೆ, ಹಿಮ್ಮಡಿ ನೆಲದಲ್ಲಿದ್ದರೆ ಅದರಿಂದ ತೊಂದರೆ ಇಲ್ಲ. ಅದನ್ನು ತಡೆಯಲು ಹೋಗಿ ಮುಂದಕ್ಕೆ ಬಾಗಿದರೆ ಭಾರವೆಲ್ಲಾ ಸೊಂಟದ ಮೇಲೆ ಬೀಳುತ್ತದೆ.

ಹಿಮ್ಮಡಿ ಏಳುತ್ತಿದ್ದರೆ ಮೊದಲು ಶೂ ನೋಡಿ. ಓಡುವ ಶೂಗಳ ಮೆತ್ತನೆ ಅಡಿ ಭಾರಕ್ಕೆ ಕುಸಿಯುತ್ತದೆ, ಹಾಸಿಗೆ ಮೇಲೆ ನಿಂತು ಎತ್ತಿದ ಹಾಗೆ. ಗಟ್ಟಿ ಅಡಿಯ ಶೂ ಹಾಕಿ. ಆದರೂ ಏಳುತ್ತಿದ್ದರೆ ಪಾದದ ಗಂಟು ಬಿಗಿ ಇರಬಹುದು. ಹಿಮ್ಮಡಿ ಕೆಳಗೆ ಬಾರ್‌ಗೆ ಹಾಕುವ ತೂಕದ ತೆಳುವಾದ ಪ್ಲೇಟ್ ಇಟ್ಟು ಖಾಲಿ ಬಾರ್‌ನಲ್ಲಿ ಮಾಡಿ ನೋಡಿ, ತಟ್ಟನೆ ಸರಿಹೋದರೆ ಕಾರಣ ಅದೇ.

ಏಳುವಾಗ ಕುಂಡಿ ಮೊದಲು ಮೇಲೆ ಹೋಗಿ ಎದೆ ಕೆಳಗೇ ಉಳಿಯುವುದು ಇನ್ನೊಂದು ರೋಗ, ನನಗೂ ಇತ್ತು. "ಎದೆ ಎತ್ತು, ಎದೆ ಎತ್ತು" ಅಂತ ಎಲ್ಲರೂ ಹೇಳಿದರು, ಏನೂ ಆಗಲಿಲ್ಲ. ಬೆನ್ನಿನಿಂದ ಬಾರನ್ನು ಮೇಲಕ್ಕೆ ನೂಕುತ್ತಿದ್ದೇನೆ ಅಂದುಕೊಂಡ ದಿನ ಸರಿಹೋಯಿತು. ಯಾವ ಮಾತು ಯಾರಿಗೆ ನಾಟುತ್ತದೆ ಅಂತ ಹೇಳಲಾಗದು, ಹುಡುಕಬೇಕು. ಉದ್ದ ತೊಡೆ ಇರುವವರು ಹೇಗಿದ್ದರೂ ಜಾಸ್ತಿ ಬಾಗುತ್ತಾರೆ. ಅದು ತಪ್ಪಲ್ಲ, ಮೈಕಟ್ಟು. ಗಿಡ್ಡ ತೊಡೆಯವರ ವಿಡಿಯೋ ನೋಡಿ ಕೊರಗಬೇಡಿ.

ಸೇಫ್ಟಿ ಪಿನ್‌ಗಳನ್ನು (ಬಾರ್ ಬಿದ್ದರೆ ತಡೆಯುವ ಅಡ್ಡ ಕಂಬಿಗಳು) ನೀವು ಇಳಿಯುವ ಕೊನೆಯ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಇಡಿ. ಹಗುರ ತೂಕದಲ್ಲಿ ಬೇಕಂತಲೇ ಕೂತು ಬಾರನ್ನು ಪಿನ್ ಮೇಲೆ ಬಿಟ್ಟು ಹೊರಗೆ ಬರುವುದನ್ನು ಒಮ್ಮೆ ಅಭ್ಯಾಸ ಮಾಡಿ. ಭಯ ಹೋದರೆ ಅರ್ಧ ಫಾರ್ಮ್ ಬಂದ ಹಾಗೆ.

ಡೆಡ್‌ಲಿಫ್ಟ್

ಮೊದಲು ಎತ್ತರದ ಲೆಕ್ಕ. ಪೂರ್ಣ ಗಾತ್ರದ ಪ್ಲೇಟ್‌ನ ಅಡ್ಡಳತೆ 45 ಸೆಂ.ಮೀ., ಅಂದರೆ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಹೊಸಬರು ಸಣ್ಣ ಪ್ಲೇಟ್ ಹಾಕಿ ಇನ್ನೂ ಕೆಳಗಿನಿಂದ ಎತ್ತುತ್ತಾರೆ, ಬೆನ್ನು ಗುಂಡಗಾಗುತ್ತದೆ, ಆಮೇಲೆ "ನನಗೆ ಡೆಡ್‌ಲಿಫ್ಟ್ ಆಗಿಬರಲ್ಲ" ಅನ್ನುತ್ತಾರೆ. ಬಾರ್‌ನ ಎರಡೂ ತುದಿಯ ಪ್ಲೇಟ್‌ಗಳ ಕೆಳಗೆ ಬೇರೆ ಪ್ಲೇಟ್‌ಗಳನ್ನು ಮಲಗಿಸಿ ಅದೇ ಎತ್ತರಕ್ಕೆ ತನ್ನಿ.

ಬಾರ್ ಪಾದದ ನಡುವಿನ ಮೇಲಿರುವ ಹಾಗೆ ನಿಲ್ಲಿ. ಮೇಲಿನಿಂದ ನೋಡಿದರೆ ಶೂ ಲೇಸಿನ ಗಂಟಿನ ಆಸುಪಾಸು, ಮಂಡಿ ಕೆಳಗಿನ ಕಾಲಿನ ಮೂಳೆಯಿಂದ ಎರಡು ಮೂರು ಸೆಂ.ಮೀ. ದೂರ. ಬಗ್ಗಿ ಹಿಡಿಯಿರಿ, ಬಾರ್ ಅಲುಗಾಡಬಾರದು. ಈಗ ಮಂಡಿಯನ್ನು ಮುಂದೆ ತನ್ನಿ, ಕಾಲು ಬಾರ್‌ಗೆ ತಾಗುವ ತನಕ ಮಾತ್ರ. ಕುಂಡಿಯನ್ನು ಇನ್ನೂ ಇಳಿಸಿ ಸ್ಕ್ವಾಟ್ ಮಾಡಬೇಡಿ. ಎದೆ ಮುಂದೆ ಚಾಚಿ, ಬೆನ್ನು ಚಪ್ಪಟೆ, ಕಂಕುಳಲ್ಲಿ ಏನೋ ಅವುಚಿಕೊಂಡ ಹಾಗೆ ತೋಳು ಮೈಗೆ ಹತ್ತಿರ. ಉಸಿರು ತುಂಬಿಕೊಳ್ಳಿ. ಎತ್ತುವ ಮುಂಚೆ ಬಾರನ್ನು ಮೆಲ್ಲಗೆ ಮೇಲಕ್ಕೆ ಎಳೆದರೆ ಅದು ಪ್ಲೇಟ್‌ನ ತೂತಿಗೆ ತಾಗಿ ಟಕ್ ಅನ್ನುತ್ತದೆ. ಆ ಸದ್ದು ಬಂದ ಮೇಲೆ ನೆಲವನ್ನು ಕಾಲಿನಿಂದ ಒತ್ತಿ. ಜಗ್ಗಬೇಡಿ. ಬಾರ್ ಕಾಲಿಗೆ ಉಜ್ಜಿಕೊಂಡೇ ಮೇಲೆ ಬರಲಿ. ಸ್ವಲ್ಪ ಮುಂದೆ ಹೋದರೂ ಅದೇ ತೂಕ ಸೊಂಟಕ್ಕೆ ಎಷ್ಟೋ ಪಾಲು ಭಾರವಾಗುತ್ತದೆ. ನೀರು ತುಂಬಿದ ಬಕೆಟ್ಟನ್ನು ಮೈಗೆ ತಾಗಿಸಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಗೊತ್ತಲ್ವಾ, ಅದೇ. ಮೇಲೆ ಬಂದಾಗ ನೆಟ್ಟಗೆ ನಿಂತರೆ ಸಾಕು, ಹಿಂದಕ್ಕೆ ಬಾಗಿ ತೋರಿಸಬೇಡಿ.

ಒಂದು ದಿನ ಬೆನ್ನಿಗಿಂತ ಮುಂಚೆ ಹಿಡಿತ ಸೋಲುತ್ತದೆ. ಆಗ ಚಾಕ್ ಪುಡಿ ಹಚ್ಚಿ. ಒಂದು ಅಂಗೈ ಮುಂದೆ, ಒಂದು ಹಿಂದೆ ಮಾಡಿ ಹಿಡಿಯುವುದೂ ಇದೆ, ಆದರೆ ಹಾಗೆ ಹಿಡಿದಾಗ ಮೊಣಕೈ ಮಡಚಿ ಎಳೆಯಬೇಡಿ. ಮುಂದೆ ತಿರುಗಿದ ಕೈಯ ಸ್ನಾಯು ಹರಿಯುವ ಅಪಾಯ ಇರುತ್ತದೆ.

ಬೆಂಚ್, ಪ್ರೆಸ್, ರೋ

ಬೆಂಚ್ ಪ್ರೆಸ್ ಸುಲಭ ಅಂತ ಕಾಣುತ್ತದೆ. ಆದರೆ ಬಾರ್ ಕತ್ತಿನ ಮೇಲೆ ಸಿಕ್ಕಿಕೊಂಡರೆ ಜೀವ ಹೋಗಬಹುದು, ಅದಕ್ಕೇ ಮೊದಲು ಸುರಕ್ಷತೆ. ಪಿನ್ ಇರುವ ರ‍್ಯಾಕ್‌ನಲ್ಲಿ ಮಾಡಿ, ಅಥವಾ ಹಿಂದೆ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಎರಡೂ ಇಲ್ಲದಿದ್ದರೆ ಕಾಲರ್ (ಪ್ಲೇಟ್ ಜಾರದ ಹಾಗೆ ಹಿಡಿಯುವ ಕ್ಲಿಪ್) ಹಾಕಬೇಡಿ, ಸಿಕ್ಕಿಕೊಂಡರೆ ಬಾರ್ ಓರೆ ಮಾಡಿ ಪ್ಲೇಟ್ ಬೀಳಿಸಬಹುದು. ಹೆಬ್ಬೆರಳು ಬಾರ್ ಸುತ್ತ ಇರಲಿ.

ಕಣ್ಣು ಬಾರ್‌ನ ನೇರ ಕೆಳಗೆ ಬರುವ ಹಾಗೆ ಮಲಗಿ. ಬೆನ್ನಿನ ಎರಡು ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಸೇರಿಸಿ ಕೆಳಕ್ಕೆ ಒತ್ತಿ, ಸೆಟ್ ಮುಗಿಯುವ ತನಕ ಬಿಡಬೇಡಿ. ಹೆಗಲು ನೋವು ಅನ್ನುವ ಎಷ್ಟೋ ಜನರಿಗೆ ಇದೊಂದರಿಂದಲೇ ಆರಾಮಾಗುತ್ತದೆ. ಮೊಣಕೈಗಳು ರೆಕ್ಕೆ ಬಿಚ್ಚಿದ ಹಾಗೆ ಪೂರ್ತಿ ಹೊರಗೂ ಬೇಡ, ಪಕ್ಕೆಗೆ ಅಂಟಿಕೊಂಡೂ ಬೇಡ, ನಡುವೆ ಇರಲಿ. ಬಾರ್ ಎದೆಯ ಕೆಳಭಾಗವನ್ನು ಮುಟ್ಟಿ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ಓರೆಯಾಗಿ ಹೆಗಲ ಮೇಲೆ ಬರಲಿ. ನೇರ ದಾರಿ ಬೇಡದ ಲಿಫ್ಟ್ ಇದೊಂದೇ.

ಓವರ್‌ಹೆಡ್ ಪ್ರೆಸ್‌ನಲ್ಲಿ ಕುಂಡಿ ಬಿಗಿ ಹಿಡಿಯಿರಿ, ಗಲ್ಲ ಹಿಂದೆ ಸರಿಸಿ ಬಾರ್‌ಗೆ ದಾರಿ ಬಿಡಿ, ಬಾರ್ ಹಣೆ ದಾಟಿದ ಮೇಲೆ ತಲೆ ಮುಂದೆ ತನ್ನಿ. ರೋ ಬಗ್ಗೆ ಒಂದೇ ಮಾತು, ಮೈ ಕುಲುಕಿಸದೆ ಎಳೆಯಿರಿ.

ಈಗ ತೂಕ ಏರಿಸುವ ಲೆಕ್ಕ

ಸ್ವಲ್ಪ ಸ್ವಲ್ಪವಾಗಿ ಭಾರ ಏರಿಸುತ್ತಾ ಹೋದರೆ ಬಲ ಬರುತ್ತದೆ ಅನ್ನುವುದು ಹಳೇ ತಿಳುವಳಿಕೆ. 1940ರ ದಶಕದಲ್ಲಿ ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರಿಗೆ ಇದನ್ನೇ ಲೆಕ್ಕ ಇಟ್ಟು ಮಾಡಿಸಿದರು. ನಮಗೂ ಬೇಕಾದ್ದು ಅದೇ, ಲೆಕ್ಕ ಮತ್ತು ತಾಳ್ಮೆ.

ಐದು ರೆಪ್ ಮಾಡಿದ ಮೇಲೂ ಇನ್ನೂ ಮೂರು ನಾಲ್ಕು ಆಗುತ್ತಿತ್ತು ಅನ್ನಿಸುವ ತೂಕದಿಂದ ಶುರು ಮಾಡಿ. ಬಾರ್‌ನ ತೂಕ ಸೇರಿಸಲು ಮರೆಯಬೇಡಿ, ಸಾಮಾನ್ಯವಾಗಿ 20 ಕಿಲೋ, ಮಹಿಳೆಯರ ಸ್ಪರ್ಧೆಯ ಬಾರ್ 15. ಕೆಲವು ಬಾರ್‌ಗಳು ಇನ್ನೂ ಹಗುರ ಇರುತ್ತವೆ, ಅನುಮಾನ ಬಂದರೆ ತೂಗಿ ನೋಡಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೂರೂ ದಿನ ಸ್ಕ್ವಾಟ್, ಒಂದು ದಿನ ಬೆಂಚ್ ಆದರೆ ಮುಂದಿನ ದಿನ ಪ್ರೆಸ್, ಹಾಗೇ ಡೆಡ್‌ಲಿಫ್ಟ್ ಮತ್ತು ರೋ ಬದಲಾಯಿಸಿ. ಮೂರು ಸೆಟ್, ಐದೈದು ರೆಪ್. ಡೆಡ್‌ಲಿಫ್ಟ್ ಒಂದೇ ಸೆಟ್ ಸಾಕು, ಅದು ಸುಸ್ತು ಮಾಡುವುದು ಜಾಸ್ತಿ.

ಭಾರದ ಸೆಟ್‌ಗೆ ಹೋಗುವ ಮುಂಚೆ ಮೈ ಬಿಸಿ ಆಗಬೇಕು. 80 ಕಿಲೋ ಸ್ಕ್ವಾಟ್ ದಿನ ನಾನು ಖಾಲಿ ಬಾರ್‌ನಲ್ಲಿ ಐದೈದರ ಎರಡು ಸೆಟ್, 40ರಲ್ಲಿ ಐದು, 55ರಲ್ಲಿ ಮೂರು, 70ರಲ್ಲಿ ಒಂದು ಮಾಡಿ ಆಮೇಲೆ 80 ಹಾಕುತ್ತೇನೆ. ಭಾರದ ಸೆಟ್‌ಗಳ ನಡುವೆ ಮೂರರಿಂದ ಐದು ನಿಮಿಷ ಸುಮ್ನೆ ಕೂತಿರಿ. ಒಂದೇ ನಿಮಿಷಕ್ಕೆ ಎದ್ದು ಹೋಗಿ ರೆಪ್ ಬಿಟ್ಟರೆ ಅದು ಬಲ ಸಾಲದ್ದಕ್ಕಲ್ಲ, ಉಸಿರು ಸಾಲದ್ದಕ್ಕೆ.

ಎಲ್ಲಾ ರೆಪ್ ಅಳತೆಗೆ ಸರಿಯಾಗಿ ಬಂದರೆ ಮುಂದಿನ ಸಲ ಸ್ಕ್ವಾಟ್‌ಗೆ 2.5 ಕಿಲೋ, ಡೆಡ್‌ಲಿಫ್ಟ್‌ಗೆ ಮೊದಮೊದಲು 5, ಬೆಂಚ್‌ಗೆ 2.5 ಸೇರಿಸಿ. ಪ್ರೆಸ್‌ಗೆ ಒಂದೇ ಕಿಲೋ. ಯಾಕೆ ಅಂದರೆ 100 ಕಿಲೋ ಎತ್ತುವವನಿಗೆ 2.5 ಕಿಲೋ ಅಂದರೆ ಶೇ. 2.5, 25 ಕಿಲೋ ಪ್ರೆಸ್ ಮಾಡುವವರಿಗೆ ಅದೇ 2.5 ಅಂದರೆ ಶೇ. 10. ಅರ್ಧ ಕಿಲೋದ ಪುಟ್ಟ ಪ್ಲೇಟ್‌ಗಳನ್ನು ನೋಡಿ ನಗುವವರು ನಗಲಿ, ತೆನೆ ತೆನೆ ಕೂಡಿದರೇ ಬಳ್ಳ.

ಈ ವೇಗ ಹೀಗೇ ಇರುವುದಿಲ್ಲ. ಸ್ಕ್ವಾಟ್‌ಗೆ ಮೂರು ದಿನ 2.5ರಂತೆ ವಾರಕ್ಕೆ 7.5 ಕಿಲೋ ಅಂದರೆ 12 ವಾರಕ್ಕೆ 90 ಕಿಲೋ, ಹಾಗೇ ಏರುತ್ತಾ ಹೋದರೆ ವರ್ಷದಲ್ಲಿ ಎಲ್ಲರೂ ವಿಶ್ವದಾಖಲೆ ಮಾಡಬೇಕಿತ್ತು. ನಿಲ್ಲುತ್ತದೆ. ನಿಂತಾಗ ಹೊಸ ಪ್ರೋಗ್ರಾಂ ಹುಡುಕಲು ಓಡಬೇಡಿ. ನಿದ್ದೆ ಏಳೆಂಟು ಗಂಟೆ ಆಗುತ್ತಿದೆಯಾ, ಹೊಟ್ಟೆ ತುಂಬಾ ಊಟ ಆಗುತ್ತಿದೆಯಾ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಿಗುತ್ತಿದೆಯಾ (70 ಕಿಲೋ ಇದ್ದರೆ 112 ಗ್ರಾಂ), ಸೆಟ್‌ಗಳ ನಡುವೆ ಬಿಡುವು ಸಾಕಾಗುತ್ತಿದೆಯಾ, ವಿಡಿಯೋದಲ್ಲಿ ಏನು ಕಾಣುತ್ತಿದೆ, ಇಷ್ಟನ್ನು ಮೊದಲು ನೋಡಿ. ಎಲ್ಲಾ ಸರಿ ಇದ್ದೂ ಅದೇ ತೂಕ ಮೂರು ಸಲ ಸೋಲಿಸಿದರೆ ಶೇ. 10 ಇಳಿಸಿ ಮತ್ತೆ ಹತ್ತಿ ಬನ್ನಿ. ಎರಡನೇ ಸಲವೂ ಅಲ್ಲೇ ನಿಂತರೆ ದಿನ ದಿನಕ್ಕೆ ಏರಿಸುವ ಕಾಲ ಮುಗಿಯಿತು ಅಂತ ಅರ್ಥ. ವಾರಕ್ಕೊಮ್ಮೆ ಏರಿಸಿ, ಒಂದು ದಿನ ಭಾರ, ಒಂದು ದಿನ ಹಗುರ, ಒಂದು ದಿನ ನಡುವಿನದು.

ಆಗ ತೂಕ ಏರದಿದ್ದರೂ ಬಲ ಏರಿದೆಯಾ ಅಂತ ತಿಳಿಯಲು ಒಂದು ಸುಲಭ ಲೆಕ್ಕ ಇದೆ. ರೆಪ್ ಸಂಖ್ಯೆಯನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ತೂಕದಿಂದ ಗುಣಿಸಿ. ಒಂದೇ ರೆಪ್‌ಗೆ ನೀವು ಎತ್ತಬಹುದಾದ ತೂಕದ ಅಂದಾಜು ಬರುತ್ತದೆ. 80 ಕಿಲೋ ಐದು ರೆಪ್ ಅಂದರೆ ಸುಮಾರು 93. 75 ಕಿಲೋ ಎಂಟು ರೆಪ್ ಅಂದರೆ 95. ನೋಡಿ, ಪ್ಲೇಟ್ ಕಡಿಮೆ, ಬಲ ಜಾಸ್ತಿ. ಹತ್ತು ರೆಪ್ ದಾಟಿದರೆ ಈ ಅಂದಾಜು ನಂಬುವಂತಿಲ್ಲ.

ಫಾರ್ಮ್ ತಿದ್ದುವಾಗ, ನೋವು ಬಂದಾಗ

ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ತೂಕ ಶೇ. 10ರಿಂದ 20 ಇಳಿಸಿ, ಎರಡು ಮೂರು ವಾರ ಆ ಒಂದನ್ನೇ ಮನಸ್ಸಲ್ಲಿಟ್ಟುಕೊಂಡು ಮಾಡಿ. ಬಾರ್ ಕೆಳಗೆ ನಿಂತು ಹತ್ತು ಸೂಚನೆ ನೆನಪಿಸಿಕೊಂಡರೆ ಹನ್ನೊಂದನೆಯದಾಗಿ ಉಸಿರು ಮರೆತುಹೋಗುತ್ತದೆ. ಸ್ಕ್ವಾಟ್ ತಳದಲ್ಲಿ ಎರಡು ಸೆಕೆಂಡ್ ನಿಂತು ಏಳುವ ಅಭ್ಯಾಸ ಬಲು ಒಳ್ಳೆಯದು, ಅಲ್ಲಿ ಯಾವ ಕಳ್ಳಾಟವೂ ನಡೆಯುವುದಿಲ್ಲ.

ಮರುದಿನವೋ ಅದರ ಮರುದಿನವೋ ಎರಡೂ ಕಡೆ ಮಾಂಸಖಂಡ ಹಿಡಿದುಕೊಂಡ ಹಾಗಿದ್ದರೆ ಮಾಮೂಲಿ, ಎರಡು ಮೂರು ದಿನಕ್ಕೆ ಹೋಗುತ್ತದೆ. ಕೀಲಿನಲ್ಲಿ ಚುಚ್ಚಿದ ಹಾಗೆ, ಒಂದೇ ಕಡೆ, ಕಾಲಿಗೆ ಇಳಿಯುವ ಹಾಗೆ ನೋವಾದರೆ, ಜೋಮು ಹಿಡಿದರೆ ಅವತ್ತಿನ ಮಟ್ಟಿಗೆ ನಿಲ್ಲಿಸಿ, ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ನೋಟ್‌ಬುಕ್

ದಿನಾಂಕ, ತೂಕ, ಪ್ರತಿ ಸೆಟ್‌ನ ರೆಪ್, ಕೊನೆಗೆ ಒಂದು ಸಾಲು ಮಾತು. ಇಷ್ಟೇ ಬೇಕಾದ್ದು. ನಾನು ಅವತ್ತು 65ಕ್ಕೆ ಇಳಿದವನು ಸರಿಯಾದ 90ಕ್ಕೆ ಬರಲು ಏಳು ತಿಂಗಳು ಹಿಡಿಯಿತು. ಆ ತಿಂಗಳುಗಳ ಪುಟ ತಿರುವಿದರೆ ಹೀಗೆಲ್ಲಾ ಸಿಗುತ್ತದೆ: "ಸ್ಕ್ವಾಟ್ 82.5, ಐದು, ಐದು, ನಾಲ್ಕು. ಐದನೆಯದು ಎದ್ದೆ, ಆದರೆ ಪೂರ್ತಿ ಇಳಿದಿರಲಿಲ್ಲ, ಲೆಕ್ಕಕ್ಕಿಲ್ಲ. ಸೋಮವಾರ ಮತ್ತೆ 82.5."